ಗ್ಲಾಸ್ಗೋ ಬೀಗರ ಬೊಂಬಾಯಿ ಅಜ್ಜ

ಹಿಂದಿನ ಸಂಚಿಕೆಯ ಈ ಅಂಕಣದಲ್ಲಿ ಹಳೇ ಬೊಂಬಾಯಿಯ ಸ್ಕಾಟಿಷ್ ವ್ಯಾಪಾರಿಗಳ ಬಗ್ಗೆ ಎರಡು ಮಾತು ಬಂದಿತ್ತು. ಅದನ್ನು ಓದಿ ಬಂದ ಪತ್ರಗಳು ಇವು. ಮಾಟುಂಗದ ಪತ್ರಕ್ಕೆ ಜಾಸ್ತಿ ಜಾಗ ಕೊಟ್ಟಿದ್ದೇನೆ, ಯಾಕೆ ಅಂತ ಓದಿದರೆ ಗೊತ್ತಾಗುತ್ತದೆ.

ಪ್ರಶ್ನೆ: ನಮ್ಮ ಮಗಳು ಗ್ಲಾಸ್ಗೋದಲ್ಲಿ ಕೆಲಸದಲ್ಲಿದ್ದಾಳೆ, ಅಲ್ಲಿಯ ಹುಡುಗನನ್ನೇ ಮದುವೆಯಾದಳು. ಬೀಗರು ಇಲ್ಲಿಗೆ ಬಂದಿದ್ದಾಗ ಒಂದು ವಿಷಯ ಹೇಳಿದರು. ಅವರ ಪೂರ್ವಜರೊಬ್ಬರು 1830–40ರ ಸುಮಾರಿಗೆ ಬೊಂಬಾಯಿಯಲ್ಲಿ ಹತ್ತಿ ವ್ಯಾಪಾರ ಮಾಡುತ್ತಿದ್ದರಂತೆ, ಮದುವೆಯೂ ಇಲ್ಲೇ ಆಯಿತಂತೆ, ತೀರಿಕೊಂಡದ್ದೂ ಇಲ್ಲೇ. ಫೋರ್ಬ್ಸ್ ಕಂಪನಿಯಲ್ಲಿ ಪಾಲುದಾರ ಅಂತ ಮನೆಯ ಮಾತು. ಕೈಯಲ್ಲಿರುವುದು ಆತನ ಹೆಸರು ಮತ್ತು ಬೈಬಲ್ಲಿನ ಮೊದಲ ಪುಟದಲ್ಲಿ ಬರೆದಿಟ್ಟ ನಾಲ್ಕು ಮಕ್ಕಳ ಹೆಸರು, ಅಷ್ಟೇ. ‘ನೀವು ಅಲ್ಲೇ ಇದ್ದೀರಲ್ಲ, ಸ್ವಲ್ಪ ನೋಡಿ’ ಅಂದರು. ನಾನು ಬ್ಯಾಂಕಿನಿಂದ ನಿವೃತ್ತನಾದವನು, ಸಮಯವಿದೆ. ಶಿವಡಿಯ ಸ್ಮಶಾನದಿಂದ ಶುರು ಮಾಡಲೇ?
— ಓದುಗ, ಮಾಟುಂಗ

ಉತ್ತರ: ಬೇಡ ಸರ್, ಶಿವಡಿ ಬೇಡ. ಅಲ್ಲಿಯ ಕ್ರೈಸ್ತ ಸ್ಮಶಾನ ಶುರುವಾದದ್ದೇ 1860ರ ದಶಕದಲ್ಲಿ. ಅದಕ್ಕೆ ಮೊದಲು ಯೂರೋಪಿಯನ್ನರನ್ನು ಹೂಳುತ್ತಿದ್ದದ್ದು ಮರೀನ್ ಲೈನ್ಸ್ ಕಡೆಯ ಸೋನಾಪುರದಲ್ಲಿ. ಈಗ ಅಲ್ಲಿ ಕಲ್ಲು ಹುಡುಕುತ್ತಾ ಹೋದರೆ ಬಿಸಿಲಷ್ಟೇ ಸಿಗುತ್ತದೆ. ಕಾಗದದಿಂದ ಶುರು ಮಾಡಿ. ಅದರಲ್ಲೂ ಅಜ್ಜನ ಹೆಸರಿನ ಹಿಂದೆ ಬೀಳಬೇಡಿ, ಅಜ್ಜಿಯ ಹಿಂದೆ ಹೋಗಿ.

ಯಾಕೆ ಅಂದರೆ ಸ್ಕಾಟ್ಲೆಂಡಿನಲ್ಲಿ ಅಲೆಕ್ಸಾಂಡರ್ ಕ್ಯಾಂಪ್‌ಬೆಲ್, ಜಾನ್ ಫೋರ್ಬ್ಸ್, ಜೇಮ್ಸ್ ಸ್ಟೀವರ್ಟ್ ಇಂಥ ಹೆಸರಿನವರು ಊರೂರಿಗೂ ಇದ್ದಾರೆ. ಬರೀ ಗಂಡಸಿನ ಹೆಸರು ಹಿಡಿದು ಹುಡುಕಿದರೆ ನೂರು ಜನ ಸಿಗುತ್ತಾರೆ, ನಿಮ್ಮ ಬೀಗರ ಅಜ್ಜ ಯಾರು ಅಂತ ಮಾತ್ರ ಗೊತ್ತಾಗುವುದಿಲ್ಲ. ಆದರೆ ಅಲ್ಲಿ ಹೆಂಗಸಿನ ತವರುಮನೆಯ ಹೆಸರು ಮದುವೆಯಾದ ಮೇಲೂ ಅಳಿಸಿ ಹೋಗುವುದಿಲ್ಲ. ಕೋರ್ಟಿನ ಕಾಗದದಲ್ಲಿ, ಉಯಿಲಿನಲ್ಲಿ, ಸಮಾಧಿಯ ಕಲ್ಲಿನಲ್ಲಿ ಕೂಡ ಆಕೆಯನ್ನು ತವರಿನ ಹೆಸರಿನಿಂದಲೇ ಬರೆದದ್ದು ಸಿಗುತ್ತದೆ, ಪಕ್ಕದಲ್ಲಿ ಗಂಡನ ಹೆಸರು. ಗಂಡ ಹೆಂಡತಿಯ ಎರಡು ಮನೆತನದ ಹೆಸರು ಒಟ್ಟಿಗೆ ಇಟ್ಟು ಹುಡುಕಿದರೆ ನೂರು ಜನ ಮೂರು ಜನಕ್ಕೆ ಇಳಿಯುತ್ತಾರೆ. ಅಷ್ಟೇ ಬೇಕಾಗಿದ್ದು.

ಆಕೆಯ ತವರಿನ ಹೆಸರು ಎಲ್ಲಿ ಸಿಗುತ್ತದೆ? ಆ ನಾಲ್ಕು ಮಕ್ಕಳ ಹತ್ತಿರ. ಸ್ಕಾಟ್ಲೆಂಡಿನಲ್ಲಿ ಸರ್ಕಾರಿ ನೋಂದಣಿ ಶುರುವಾದದ್ದು 1855ರ ಜನವರಿ 1ಕ್ಕೆ. ಇಂಗ್ಲೆಂಡಿಗಿಂತ ಸುಮಾರು ಹದಿನೆಂಟು ವರ್ಷ ತಡ, ಆದರೆ ತಡವಾಗಿ ಬಂದವರು ಕೆಲಸ ಚೆನ್ನಾಗಿ ಮಾಡಿದರು. ಇಂಗ್ಲೆಂಡಿನ ಆಗಿನ ಮರಣದ ದಾಖಲೆಯಲ್ಲಿ ಸತ್ತವನ ಅಪ್ಪ ಅಮ್ಮ ಯಾರು ಅಂತ ಸಾಮಾನ್ಯವಾಗಿ ಇರುವುದೇ ಇಲ್ಲ. ಸ್ಕಾಟ್ಲೆಂಡಿನದರಲ್ಲಿ ಅಪ್ಪನ ಹೆಸರು, ಕಸುಬು, ಅಮ್ಮನ ಹೆಸರು, ಆಕೆಯ ತವರಿನ ಹೆಸರು ಎಲ್ಲವೂ ಇರುತ್ತದೆ. ಮದುವೆಯ ದಾಖಲೆಯಲ್ಲೂ ಎರಡೂ ಕಡೆಯ ಅಪ್ಪ ಅಮ್ಮಂದಿರ ಹೆಸರು. ನಿಮ್ಮ ನಾಲ್ಕು ಮಕ್ಕಳಲ್ಲಿ ಒಬ್ಬರಾದರೂ 1855ರ ನಂತರ ಸ್ಕಾಟ್ಲೆಂಡಿನಲ್ಲಿ ಮದುವೆಯಾಗಿಯೋ ಸತ್ತೋ ಇದ್ದರೆ, ಅವರ ಅಪ್ಪ ಬೊಂಬಾಯಿಯಲ್ಲಿ ಎಂದೋ ಸತ್ತಿದ್ದರೂ, ‘ವ್ಯಾಪಾರಿ, ದಿವಂಗತ’ ಅಂತ ಆ ಕಾಗದದಲ್ಲಿ ಬಂದೇ ಬರುತ್ತಾನೆ. ಪಕ್ಕದಲ್ಲೇ ಅಜ್ಜಿ. 1855ನೇ ಇಸವಿಯ ದಾಖಲೆಯೇ ಸಿಕ್ಕಿಬಿಟ್ಟರೆ ಲಾಟರಿ ಹೊಡೆದ ಹಾಗೆ. ಆ ಒಂದು ವರ್ಷ ಅಪ್ಪ ಅಮ್ಮನ ವಯಸ್ಸು, ಹುಟ್ಟಿದ ಊರು, ಒಡಹುಟ್ಟಿದವರ ಲೆಕ್ಕ, ಕೇಳಿದ್ದಕ್ಕೆ ಕೇಳದ್ದಕ್ಕೆ ಎಲ್ಲ ಬರೆಸಿಕೊಂಡರು. ಗುಮಾಸ್ತರಿಗೆ ಸಾಕಾಗಿ ಹೋಗಿ ಮರುವರ್ಷವೇ ಕಡಿಮೆ ಮಾಡಿದರು.

ಇವೆಲ್ಲ ‘ಸ್ಕಾಟ್ಲೆಂಡ್ಸ್‌ಪೀಪಲ್’ ಅನ್ನುವ ಸರ್ಕಾರಿ ಜಾಲತಾಣದಲ್ಲಿ ಇವೆ. ಎಡಿನ್‌ಬರೊದ ರಾಷ್ಟ್ರೀಯ ದಾಖಲೆ ಕಚೇರಿಯವರದ್ದು. ಹೆಸರು ಹುಡುಕಲು ದುಡ್ಡು ಕೊಡಬೇಕಿಲ್ಲ, ಪುಟದ ಚಿತ್ರ ನೋಡಲು ಕ್ರೆಡಿಟ್ ಕೊಳ್ಳಬೇಕು. ನೂರು ವರ್ಷದೊಳಗಿನ ಜನನ, 75 ವರ್ಷದೊಳಗಿನ ಮದುವೆ, 50 ವರ್ಷದೊಳಗಿನ ಮರಣ, ಇವುಗಳ ಚಿತ್ರ ಆನ್‌ಲೈನಿನಲ್ಲಿ ತೋರಿಸುವುದಿಲ್ಲ. ನಿಮಗೆ ಅದರ ಚಿಂತೆ ಇಲ್ಲ ಬಿಡಿ. ಮಗಳಿಗೆ ಹೇಳಿ, ಕ್ರೆಡಿಟ್ ಅವಳೇ ಕೊಂಡರೆ ಸುಲಭ.

ಬೈಬಲ್ಲಿನ ನಾಲ್ಕು ಹೆಸರುಗಳನ್ನು ಇನ್ನೊಂದು ಸಲ ನೋಡಿ. ಸ್ಕಾಟಿಷ್ ಮನೆಗಳಲ್ಲಿ ಹೆಸರಿಡುವ ಪದ್ಧತಿ ನಮ್ಮವರದ್ದೇ ತರಹ. ಮೊದಲ ಗಂಡುಮಗನಿಗೆ ಅಪ್ಪನ ಅಪ್ಪನ ಹೆಸರು, ಎರಡನೆಯವನಿಗೆ ಅಮ್ಮನ ಅಪ್ಪನ ಹೆಸರು, ಮೂರನೆಯವನಿಗೆ ಅಪ್ಪನದೇ. ಮೊದಲ ಹೆಣ್ಣುಮಗುವಿಗೆ ಅಮ್ಮನ ಅಮ್ಮನ ಹೆಸರು, ಎರಡನೆಯವಳಿಗೆ ಅಪ್ಪನ ಅಮ್ಮನದು. ಇದು ಕಾನೂನಲ್ಲ, ರೂಢಿ, ಮುರಿದವರೂ ಬೇಕಾದಷ್ಟು ಜನ. ಆದರೂ ಯಾವುದಾದರೂ ಮಗುವಿನ ಹೆಸರಿನ ಮಧ್ಯದಲ್ಲಿ ಮನೆತನದಂಥ ಹೆಸರೊಂದು ಸೇರಿಕೊಂಡಿದೆಯೇ ನೋಡಿ. ಅದು ಹೆಚ್ಚಾಗಿ ಅಮ್ಮನದೋ ಅಜ್ಜಿಯದೋ ತವರಿನ ಹೆಸರು.

ಇನ್ನು ಬೊಂಬಾಯಿಯ ಮದುವೆ. ಕಾಳಾ ಘೋಡಾದಲ್ಲಿ ಲಯನ್ ಗೇಟ್ ಹತ್ತಿರ ಸೇಂಟ್ ಆಂಡ್ರೂಸ್ ಚರ್ಚ್ ನೋಡಿದ್ದೀರಲ್ಲ, ಅದೇ ಇಲ್ಲಿಯ ಸ್ಕಾಟಿಷ್ ಚರ್ಚು, 1819ರಲ್ಲಿ ತೆರೆದದ್ದು. ಅದಕ್ಕೆ ಒಂದೇ ವರ್ಷ ಮೊದಲು, 1818ರಲ್ಲಿ, ಸ್ಕಾಟ್ಲೆಂಡ್ ಚರ್ಚಿನ ಪಾದ್ರಿಗಳು ಇಂಡಿಯಾದಲ್ಲಿ ಮಾಡಿಸಿದ ಮದುವೆಗೂ ಮಾನ್ಯತೆ ಇದೆ ಅಂತ ಬ್ರಿಟಿಷ್ ಪಾರ್ಲಿಮೆಂಟು ಕಾಯಿದೆ ಮಾಡಬೇಕಾಯಿತು. ಅಷ್ಟು ಅನುಮಾನ ಇತ್ತು. ಹಾಗಾಗಿ ನಿಮ್ಮ ಅಜ್ಜ ಅಪ್ಪಟ ಪ್ರೆಸ್ಬಿಟೇರಿಯನ್, ಅಂದರೆ ಸ್ಕಾಟ್ಲೆಂಡ್ ಚರ್ಚಿನ ಪಂಥದವರು, ಆಗಿದ್ದರೂ ಹಾರ್ನಿಮನ್ ಸರ್ಕಲ್ಲಿನ ಸೇಂಟ್ ಥಾಮಸ್ ಕೆಥೆಡ್ರಲ್ಲಿನಲ್ಲಿ, ಅಂದರೆ ಇಂಗ್ಲಿಷರ ಚರ್ಚಿನಲ್ಲಿ, ಮದುವೆಯಾಗಿರಬಹುದು. ಎರಡೂ ಕಡೆ ಹುಡುಕಿ. ಅದಕ್ಕೆ ಫೋರ್ಟಿಗೆ ಹೋಗಬೇಕಾಗಿಯೂ ಇಲ್ಲ. ಇಲ್ಲಿಯ ಚರ್ಚುಗಳ ದೀಕ್ಷಾಸ್ನಾನ, ಮದುವೆ, ಅಂತ್ಯಕ್ರಿಯೆಯ ಪಟ್ಟಿಗಳ ನಕಲು ಲಂಡನ್ನಿಗೆ ಹೋಗುತ್ತಿತ್ತು, ಬ್ರಿಟಿಷ್ ಲೈಬ್ರರಿಯ ಇಂಡಿಯಾ ಆಫೀಸ್ ದಾಖಲೆಗಳಲ್ಲಿ ಬೊಂಬಾಯಿ ಪ್ರೆಸಿಡೆನ್ಸಿಗೆ ಬೇರೆಯೇ ಸಾಲು ಇದೆ. ‘ಫೈಂಡ್‌ಮೈಪಾಸ್ಟ್’ ಜಾಲತಾಣದಲ್ಲಿ ದುಡ್ಡು ಕೊಟ್ಟು ನೋಡಬಹುದು. ಅದಕ್ಕೆ ಮೊದಲು ‘ಫಿಬಿಸ್’ ಅನ್ನುವ ಸಂಘದವರ ಪುಕ್ಕಟೆ ಹುಡುಕಾಟವನ್ನೂ ‘ಫ್ಯಾಮಿಲಿಸರ್ಚ್’ ಅನ್ನೂ ಒಮ್ಮೆ ನೋಡಿಬಿಡಿ, ಬ್ರಿಟಿಷ್ ಇಂಡಿಯಾದ ಕುಟುಂಬಗಳಿಗೆ ಇವು ಬಹಳ ಉಪಯೋಗ. 1838ರಲ್ಲಿ ಶುರುವಾದ ‘ಬಾಂಬೆ ಟೈಮ್ಸ್’, ಅಂದರೆ ಈಗಿನ ಟೈಮ್ಸ್ ಆಫ್ ಇಂಡಿಯಾ, ಅದರಲ್ಲೂ ಮದುವೆ ಸಾವಿನ ಸುದ್ದಿ ಬರುತ್ತಿತ್ತು.

ಮದುವೆ ಸ್ಕಾಟ್ಲೆಂಡಿನಲ್ಲೇ ಆಗಿದ್ದರೆ? 1855ಕ್ಕೆ ಮೊದಲಿನದಕ್ಕೆ ಊರ ಚರ್ಚಿನ ಪುಸ್ತಕಗಳೇ ಗತಿ. ಇವುಗಳಲ್ಲಿ ಅತಿ ಹಳೆಯದು ಪರ್ತ್‌ಶೈರಿನ ಎರಲ್ ಊರಿನದು, 1553ರದ್ದು. ಒಂದು ಎಚ್ಚರಿಕೆ. ಈ ಪುಸ್ತಕಗಳಲ್ಲಿ ಇರುವುದು ಬಹಳ ಸಲ ಮದುವೆ ಅಲ್ಲ, ಮದುವೆ ಆಗಲಿದೆ ಅಂತ ಭಾನುವಾರದ ಪ್ರಾರ್ಥನೆಯಲ್ಲಿ ಕೂಗಿ ಹೇಳಿದ್ದು. ಹುಡುಗನ ಊರಲ್ಲಿ ಒಮ್ಮೆ, ಹುಡುಗಿಯ ಊರಲ್ಲಿ ಒಮ್ಮೆ, ಎರಡೂ ಪುಸ್ತಕದಲ್ಲಿ ಬೇರೆ ಬೇರೆ ತಾರೀಖು ಇದ್ದರೆ ಎರಡು ಮದುವೆ ಅಂತ ತಿಳಿಯಬೇಡಿ. ಹುಡುಗಿಯ ಊರಿನ ಪುಸ್ತಕದಲ್ಲಿ ಆಕೆಯ ಅಪ್ಪನ ಹೆಸರು ಇರುವ ಸಂಭವ ಹೆಚ್ಚು, ಅದನ್ನು ಮೊದಲು ತೆರೆಯಿರಿ.

ವ್ಯಾಪಾರಿ ಮನೆತನ ಅಂದಿರಿ. ಹಾಗಾದರೆ ಗ್ಲಾಸ್ಗೋದ ಬರ್ಜೆಸ್ ಪಟ್ಟಿ ನೋಡಲೇಬೇಕು, ನನಗೆ ಇದು ಬಹಳ ಇಷ್ಟದ ದಾಖಲೆ. ಬರ್ಜೆಸ್ ಅಂದರೆ ಆ ನಗರದಲ್ಲಿ ವ್ಯಾಪಾರ ಮಾಡುವ ಹಕ್ಕು ಇದ್ದವನು. ಆ ಹಕ್ಕು ದುಡ್ಡು ಕೊಟ್ಟರೂ ಸಿಗುತ್ತಿತ್ತು, ಅಪ್ಪನಿಂದಲೂ ಬರುತ್ತಿತ್ತು, ಬರ್ಜೆಸ್ಸಿನ ಮಗಳನ್ನು ಮದುವೆಯಾದರೂ ಬರುತ್ತಿತ್ತು. ಪಟ್ಟಿಯಲ್ಲಿ ‘ಇಂಥವನು, ವ್ಯಾಪಾರಿ, ಇಂಥವರ ಮಗಳಾದ ಹೆಂಡತಿಯ ಹಕ್ಕಿನಿಂದ’ ಅಂತ ಬರೆದಿರುತ್ತದೆ. ಅಳಿಯ ಯಾರು, ಮಾವ ಯಾರು, ಮಗಳು ಯಾರು, ಎಲ್ಲ ಒಂದೇ ಸಾಲಿನಲ್ಲಿ! ಗ್ಲಾಸ್ಗೋದ ಪಟ್ಟಿ 1573ರಿಂದ 1846ರವರೆಗಿನದು ಅಚ್ಚಾಗಿದೆ. 1846ರಲ್ಲಿ ಆ ವಿಶೇಷ ಹಕ್ಕನ್ನೇ ತೆಗೆದುಹಾಕಿದರು, ಆಮೇಲಿನ ಪಟ್ಟಿಗೆ ಅಷ್ಟು ಬೆಲೆ ಇಲ್ಲ.

ಈಗ ಆಸ್ತಿ. ಬ್ಯಾಂಕಿನವರಾದ್ದರಿಂದ ನಿಮಗೆ ಇದು ಬೇಗ ಹಿಡಿಸುತ್ತದೆ. ಸ್ಕಾಟ್ಲೆಂಡಿನ ಕಾನೂನಿನಲ್ಲಿ ದುಡ್ಡು, ಸಾಮಾನು, ವ್ಯಾಪಾರದ ಸರಕು ಒಂದು ದಾರಿ, ಜಮೀನು ಮನೆ ಇನ್ನೊಂದು ದಾರಿ. ಎರಡಕ್ಕೂ ಬೇರೆ ಕೋರ್ಟು, ಬೇರೆ ಪುಸ್ತಕ, ಎಷ್ಟೋ ಸಲ ವಾರಸುದಾರರೂ ಬೇರೆ. ಒಂದು ಕಡೆ ನೋಡಿ ‘ಏನೂ ಸಿಗಲಿಲ್ಲ’ ಅಂತ ಕೈಬಿಟ್ಟವರೇ ಜಾಸ್ತಿ.

ಚರಾಸ್ತಿಯ ಕಾಗದಕ್ಕೆ ಅಲ್ಲಿ ಟೆಸ್ಟಮೆಂಟ್ ಅನ್ನುತ್ತಾರೆ. ಉಯಿಲು ಬರೆದಿದ್ದರೂ ಬರೆಯದಿದ್ದರೂ ಇರುತ್ತದೆ, ಬರೆಯದಿದ್ದಾಗ ಕೋರ್ಟೇ ಒಬ್ಬರನ್ನು ನೇಮಿಸಿ ಪಟ್ಟಿ ಮಾಡಿಸುತ್ತದೆ. ಹೊರದೇಶದಲ್ಲಿ ಸತ್ತ ಸ್ಕಾಟಿಷ್ ಮನುಷ್ಯನ ಟೆಸ್ಟಮೆಂಟ್ ಎಡಿನ್‌ಬರೊದ ಕೋರ್ಟಿಗೇ ಹೋಗುತ್ತಿತ್ತು, ಸ್ವಂತ ಊರು ಅಬರ್ಡೀನ್ ಆಗಿದ್ದರೂ ಸರಿ. ಇದರ ಸೂಚಿಯೂ ಮೇಲೆ ಹೇಳಿದ ಸರ್ಕಾರಿ ತಾಣದಲ್ಲೇ ಇದೆ. ಲಂಡನ್ನಿನಲ್ಲಿ ಬಾಂಡು ಗೀಂಡು ಇಟ್ಟಿದ್ದರೆ 1858ರವರೆಗೆ ಕ್ಯಾಂಟರ್ಬರಿಯ ಚರ್ಚ್ ಕೋರ್ಟಿನಲ್ಲಿ ಪ್ರೊಬೇಟ್, ಅಂದರೆ ಉಯಿಲಿಗೆ ಕೋರ್ಟಿನ ಮಂಜೂರಿ, ಆಗಬೇಕಿತ್ತು, ಅಲ್ಲೂ ಹುಡುಕಿ. ಮೂರನೆಯ ಕಡೆ ನಮ್ಮ ಬೊಂಬಾಯಿಯೇ. 1728ರಿಂದ ಮೇಯರ್ಸ್ ಕೋರ್ಟು, 1798ರಿಂದ ರೆಕಾರ್ಡರ್ಸ್ ಕೋರ್ಟು, 1824ರಿಂದ ಸುಪ್ರೀಂ ಕೋರ್ಟು, 1862ರಿಂದ ಈಗಿನ ಹೈಕೋರ್ಟು. ನಿಮ್ಮ ಅಜ್ಜನ ಕಾಲಕ್ಕೆ ಸುಪ್ರೀಂ ಕೋರ್ಟು. ಉಯಿಲಿನ ಜೊತೆ ಸತ್ತವನ ಸಾಮಾನಿನ ಪಟ್ಟಿಯೂ ಇರುತ್ತದೆ. ಹರಾಜು ಹಾಕಿದ್ದರೆ ಯಾವ ಕುರ್ಚಿ ಯಾರು ಕೊಂಡರು ಅಂತ ಕೂಡ. ಕೊಂಡವರು ಸ್ನೇಹಿತರು, ಪಾಲುದಾರರು, ಮುಂದೆ ಬೀಗರಾಗುವವರು, ಅದನ್ನು ಸುಮ್ನೆ ದಾಟಿ ಹೋಗಬೇಡಿ. ಇವುಗಳ ನಕಲೂ ಲಂಡನ್ನಿನ ಇಂಡಿಯಾ ಆಫೀಸ್ ದಾಖಲೆಗಳಲ್ಲಿ ಇವೆ, ನನ್ನ ಸಲಹೆ ಮೊದಲು ಅವನ್ನೇ ನೋಡಿ. ಇಲ್ಲಿ ನೋಡಲೇಬೇಕು ಅಂತಿದ್ದರೆ ಎಲ್ಫಿನ್‌ಸ್ಟನ್ ಕಾಲೇಜು ಕಟ್ಟಡದ ಮಹಾರಾಷ್ಟ್ರ ರಾಜ್ಯ ಪತ್ರಾಗಾರಕ್ಕೆ ಅರ್ಜಿ ಕೊಟ್ಟು, ತಾಳ್ಮೆ ಇಟ್ಟುಕೊಂಡು ಹೋಗಿ.

ಜಮೀನಿನ ದಾರಿ ಇದಕ್ಕಿಂತ ಸ್ವಾರಸ್ಯ. ಅಪ್ಪ ಸತ್ತ ಕೂಡಲೇ ಜಮೀನು ಮಗನ ಹೆಸರಿಗೆ ತಾನಾಗಿ ಬರುತ್ತಿರಲಿಲ್ಲ. ಮಗ ಅರ್ಜಿ ಹಾಕಬೇಕು, ಊರಿನ ಹತ್ತಾರು ಜನರ ಜ್ಯೂರಿ ಕೂತು ‘ಹೌದು, ಇವನೇ ಹತ್ತಿರದ ವಾರಸುದಾರ’ ಅಂತ ಹೇಳಬೇಕು, ಅದು ಎಡಿನ್‌ಬರೊದಲ್ಲಿ ದಾಖಲಾಗಬೇಕು. ಇದಕ್ಕೆ ಸರ್ವೀಸ್ ಆಫ್ ಏರ್ಸ್ ಅನ್ನುತ್ತಾರೆ. ನಮ್ಮ ಊರ ಕಡೆ ಪೌತಿ ಖಾತೆ ಮಾಡಿಸುತ್ತೇವಲ್ಲ, ಆ ಜಾತಿಯದೇ. ಮೂಲ ಕಾಗದ 1847ರವರೆಗೆ ಹೆಚ್ಚುಕಡಿಮೆ ಲ್ಯಾಟಿನ್ನಿನಲ್ಲಿದೆ, ಹೆದರಬೇಡಿ, 1700ರಿಂದ ಮುಂದಿನ ಸೂಚಿ ಇಂಗ್ಲಿಷಿನಲ್ಲೇ ಅಚ್ಚಾಗಿದೆ. ವಾರಸುದಾರ ಯಾರು, ಸತ್ತವನು ಯಾರು, ಇಬ್ಬರ ಸಂಬಂಧ ಏನು, ಈ ಮೂರೂ ಸೂಚಿಯಲ್ಲೇ ಸಿಗುತ್ತದೆ. ಒಂದು ಗುಟ್ಟು: ಸತ್ತ ವರ್ಷದಲ್ಲಿ ಮಾತ್ರ ಹುಡುಕಬೇಡಿ. ಜಗಳ ಬರುವವರೆಗೆ, ಇಲ್ಲವೇ ಮಾರಬೇಕು ಅನ್ನಿಸುವವರೆಗೆ ಯಾರೂ ಖಾತೆ ಮಾಡಿಸಿಕೊಳ್ಳುವುದಿಲ್ಲ. ಇದು ಎಲ್ಲ ದೇಶಕ್ಕೂ ಒಂದೇ. ಇಪ್ಪತ್ತು ಮೂವತ್ತು ವರ್ಷ ಬಿಟ್ಟು ಬಂದ ನಮೂದುಗಳೂ ಇರುತ್ತವೆ.

ಇದಕ್ಕೆ ದೊಡ್ಡ ಉದಾಹರಣೆ ನಿಮ್ಮ ಬೀಗರು ಹೇಳಿದ ಫೋರ್ಬ್ಸ್ ಮನೆತನದ್ದೇ. ಜಾನ್ ಫೋರ್ಬ್ಸ್ ಅಬರ್ಡೀನ್‌ಶೈರಿನವರು, ಬೊಂಬಾಯಿಯಲ್ಲಿ ಹಣ ಮಾಡಿ ಊರಿನಲ್ಲಿ ನ್ಯೂ ಎಂಬ ಎಸ್ಟೇಟು ಹಿಡಿದವರು. ಅವರು 1821ರಲ್ಲಿ ತೀರಿಕೊಂಡಾಗ ಎಸ್ಟೇಟು ಹೋದದ್ದು ಅದೇ ಮನೆತನದ ಚಾರ್ಲ್ಸ್ ಫೋರ್ಬ್ಸ್ ಕೈಗೆ, ಆತ ಒಬ್ಬ ಪಾದ್ರಿಯ ಮಗ. ಬೊಂಬಾಯಿಯ ಕಂಪನಿಯನ್ನು ಬಹುಕಾಲ ನಡೆಸಿದವರೂ ಆತನೇ. 1823ರಲ್ಲಿ ಬ್ಯಾರೊನೆಟ್ ಅನ್ನುವ, ವಂಶಪಾರಂಪರ್ಯವಾಗಿ ಬರುವ ‘ಸರ್’ ಪದವಿ ಬಂತು. ಅಷ್ಟಕ್ಕೇ ಸುಮ್ಮನಾಗಲಿಲ್ಲ. 1833ರಲ್ಲಿ ಅಬರ್ಡೀನಿನಲ್ಲಿ ಜ್ಯೂರಿ ಕೂಡಿಸಿ, ಪಿಟ್‌ಸ್ಲಿಗೊದ ಮೂರನೆಯ ಲಾರ್ಡ್ ಆಗಿದ್ದ ಅಲೆಕ್ಸಾಂಡರ್ ಫೋರ್ಬ್ಸ್‌ಗೆ ತಾನೇ ಗಂಡುಕುಲದ ಹತ್ತಿರದ ವಾರಸುದಾರ ಅಂತ ಬರೆಸಿಕೊಂಡರು. ಆ ಲಾರ್ಡ್ ಸತ್ತು ಆಗಲೇ ನೂರು ವರ್ಷದ ಮೇಲಾಗಿತ್ತು! ಆಮೇಲೆ ಆ ಮನೆತನದ ಲಾಂಛನ ಹಾಕಿಕೊಳ್ಳಲು ಅಪ್ಪಣೆಯನ್ನೂ ಪಡೆದರು. ಕೈಗೆ ಹಣ ಬಂದ ಮೇಲೆ ಹಳೇ ಮನೆತನ ಬೇಕೆನಿಸುವುದು, ಅದೇನು ಸ್ಕಾಟ್ಲೆಂಡಿಗೆ ಮಾತ್ರ ಅಲ್ಲ ಬಿಡಿ. ಆತನ ಪ್ರತಿಮೆ ಈಗಲೂ ನಮ್ಮ ಏಷ್ಯಾಟಿಕ್ ಸೊಸೈಟಿಯ ಟೌನ್ ಹಾಲಿನಲ್ಲಿ ಇದೆ. ಬೀಗರು ಮುಂದಿನ ಸಲ ಬಂದರೆ ತೋರಿಸಿ. ಮುಂದೆ ಇದೇ ಫೋರ್ಬ್ಸ್ ಹೆಸರಿನ ಕಂಪನಿ ಗೋಕಾಕದ ಜಲಪಾತದ ಪಕ್ಕದ ಹತ್ತಿ ಗಿರಣಿಗೂ ಕೈ ಹಾಕಿತು, ಬೆಳಗಾವಿ ಕಡೆಯವರಿಗೆ ಅದು ಗೊತ್ತಿರುವ ವಿಷಯವೇ.

ಆದರೆ ‘ಫೋರ್ಬ್ಸಿನಲ್ಲಿ ಪಾಲುದಾರ’ ಅನ್ನುವ ಮಾತನ್ನು ಸದ್ಯಕ್ಕೆ ಪಕ್ಕಕ್ಕಿಡಿ. ಮನೆಯ ಮಾತಿನಲ್ಲಿ ಗುಮಾಸ್ತ ಮ್ಯಾನೇಜರ್ ಆಗುತ್ತಾನೆ, ಮ್ಯಾನೇಜರ್ ಪಾಲುದಾರನಾಗುತ್ತಾನೆ. ಸ್ಕಾಟಿಷ್ ವ್ಯಾಪಾರಿ ಮನೆಗಳು ಬೊಂಬಾಯಿಯಲ್ಲಿ ಒಂದೆರಡಲ್ಲ, ಗ್ಲಾಸ್ಗೋದ ಗ್ರಹಾಂ, ಫಿನ್ಲೇ, ಎಡಿನ್‌ಬರೊ ಕಡೆಯ ವ್ಯಾಲೇಸ್, ಎಷ್ಟೋ ಇದ್ದವು. ಆ ಕಾಲದ ಬೊಂಬಾಯಿ ಆಲ್ಮನಾಕ್‌ಗಳಲ್ಲಿ, ಅಂದರೆ ವಾರ್ಷಿಕ ಮಾಹಿತಿ ಪುಸ್ತಕಗಳಲ್ಲಿ, ಪ್ರತಿ ವರ್ಷ ಯಾವ ಕಂಪನಿಯಲ್ಲಿ ಯಾರು ಪಾಲುದಾರ, ಯಾರು ಸಹಾಯಕ ಅಂತ ಅಚ್ಚಾಗುತ್ತಿತ್ತು. ಅದರಲ್ಲಿ ನೋಡಿ ನಂಬಿ.

ಇನ್ನೊಂದು ಕಾಗದ ಉಳಿಯಿತು, ಮದುವೆಯ ಕರಾರು. ಆಗ ಮದುವೆಯಾದ ಕೂಡಲೇ ಹೆಂಡತಿಯ ಚರಾಸ್ತಿಯೆಲ್ಲ ಗಂಡನದು. ಇದು ಬದಲಾದದ್ದು 1881ರ ಕಾಯಿದೆಯಿಂದ. ಅದಕ್ಕೇ ದುಡ್ಡಿದ್ದ ವ್ಯಾಪಾರಿಗಳು ಮಗಳ ಹಣ ಅಳಿಯನ ಸಾಲಕ್ಕೆ ಹೋಗದ ಹಾಗೆ ಮೊದಲೇ ಕರಾರು ಬರೆಸುತ್ತಿದ್ದರು. ಆ ಹಣ ನೋಡಿಕೊಳ್ಳುವ ಟ್ರಸ್ಟಿಗಳು ಯಾರು ಅಂದರೆ ಹುಡುಗಿಯ ಅಣ್ಣ, ಮಾವ, ಅಕ್ಕನ ಗಂಡ. ಒಂದು ಕರಾರಿನಲ್ಲಿ ತವರುಮನೆ ಪೂರ್ತಿ ಸಾಲಾಗಿ ನಿಂತಿರುತ್ತದೆ. ಎಡಿನ್‌ಬರೊದ ರಿಜಿಸ್ಟರ್ ಆಫ್ ಡೀಡ್ಸ್ ಅನ್ನುವ ಕರಾರು ಪತ್ರಗಳ ಪುಸ್ತಕದಲ್ಲಿ ಹುಡುಕಿ, ಇದನ್ನೂ ಮದುವೆಯ ವರ್ಷದಲ್ಲಿ ಮಾತ್ರ ಅಲ್ಲ, ಗಂಡ ಸತ್ತ ವರ್ಷದಲ್ಲೂ, ಗಂಡ ದಿವಾಳಿಯಾದ ವರ್ಷದಲ್ಲೂ. ದಿವಾಳಿ ಅಂದರೆ ಬೊಂಬಾಯಿ ಹತ್ತಿ ವ್ಯಾಪಾರದವರಿಗೆ ಎರಡು ಇಸವಿ ಮುಖ್ಯ: ಅಮೆರಿಕದ ಅಂತರ್ಯುದ್ಧ ಮುಗಿದು ಇಲ್ಲಿ ಹತ್ತಿಯ ಬೆಲೆ ಕುಸಿದ 1865, ಸಿಟಿ ಆಫ್ ಗ್ಲಾಸ್ಗೋ ಬ್ಯಾಂಕು ಮುಳುಗಿದ 1878. ಆ ಬ್ಯಾಂಕಿನ ಷೇರುದಾರರ ಹೊಣೆಗೆ ಮಿತಿಯೇ ಇರಲಿಲ್ಲ, ಬೇರೆಯವರ ಪರವಾಗಿ ಷೇರು ಹಿಡಿದಿದ್ದ ಟ್ರಸ್ಟಿಗಳು ಕೂಡ ಕೈಯಿಂದ ಕೊಡಬೇಕಾಯಿತು. ಅಜ್ಜನ ಮಕ್ಕಳ ಕಾಲದಲ್ಲಿ ಮನೆಯ ಹಣ ದಿಢೀರನೆ ಮಾಯವಾಗಿದ್ದರೆ ಕೋರ್ಟಿನ ದಿವಾಳಿ ಕಡತದಲ್ಲಿ ನೋಡಿ. ಸುಖವಾಗಿದ್ದ ಮನೆತನಕ್ಕಿಂತ ದಿವಾಳಿಯಾದ ಮನೆತನದ್ದೇ ಹೆಚ್ಚು ಕಾಗದ ಉಳಿದಿರುತ್ತದೆ.

ಪ್ರಶ್ನೆ: ನಮ್ಮ ಪಕ್ಕದ ಮನೆಯ ಅಜ್ಜಿ ಆಂಗ್ಲೋ-ಇಂಡಿಯನ್. ಅವರ ಹಿರಿಯಜ್ಜ ಒಬ್ಬ ಸ್ಕಾಟಿಷ್ ವ್ಯಾಪಾರಿ, ಹಿರಿಯಜ್ಜಿ ಇಲ್ಲಿಯವರು. ಮದುವೆಯ ದಾಖಲೆ ಎಲ್ಲೂ ಸಿಕ್ಕಿಲ್ಲ. ಮದುವೆಯೇ ಆಗಿರಲಿಲ್ಲ ಅಂತ ತೀರ್ಮಾನಿಸಬಹುದಾ? ಅಜ್ಜಿಗೆ ಹೇಗೆ ಹೇಳಲಿ?
— ಓದುಗಿ, ವಾಸ್ಕೋ

ಉತ್ತರ: ತಾಯಿ, ಈಗಲೇ ಏನೂ ಹೇಳಬೇಡಿ. ಸ್ಕಾಟ್ಲೆಂಡಿನ ಕಾನೂನಿನಲ್ಲಿ ಪಾದ್ರಿ ಇಲ್ಲದೆ, ಪುಸ್ತಕದಲ್ಲಿ ಬರೆಯದೆ, ಸಾಕ್ಷಿಗಳ ಮುಂದೆ ‘ನಾವು ಗಂಡ ಹೆಂಡತಿ’ ಅಂದರೂ ಅದು ಮದುವೆಯೇ. ಓಡಿಬಂದ ಇಂಗ್ಲಿಷ್ ಜೋಡಿಗಳು ಗ್ರೆಟ್ನಾ ಗ್ರೀನ್ ಅನ್ನುವ ಗಡಿ ಊರಿಗೆ ಹೋಗುತ್ತಿದ್ದದ್ದು ಇದೇ ಕಾರಣಕ್ಕೆ. ಈ ಪದ್ಧತಿ 1940ರವರೆಗೂ ನಡೆಯಿತು. ಗಂಡಹೆಂಡಿರ ಹಾಗೆ ಬಾಳಿ ಊರವರೂ ಹಾಗೇ ತಿಳಿದಿದ್ದರೆ ಮದುವೆ ಅಂತಲೇ ಎಣಿಸುವ ನಿಯಮವನ್ನು ತೆಗೆದದ್ದಂತೂ 2006ರಲ್ಲಿ. ಮಗು ಮೊದಲು ಹುಟ್ಟಿ ಅಪ್ಪ ಅಮ್ಮ ಆಮೇಲೆ ಮದುವೆಯಾದರೂ ಅಲ್ಲಿ ಮಗುವಿಗೆ ಪೂರ್ತಿ ಹಕ್ಕು ಬರುತ್ತಿತ್ತು, ಇಂಗ್ಲೆಂಡಿನಲ್ಲಿ 1926ರವರೆಗೆ ಇದು ಇರಲಿಲ್ಲ. ಇಂಡಿಯಾದಲ್ಲಿ ನಡೆದ ಸಂಬಂಧಕ್ಕೆ ಇವೆಲ್ಲ ನೇರವಾಗಿ ಹೊಂದುತ್ತವೆ ಅಂತಲ್ಲ. ಮದುವೆಯ ಪುಸ್ತಕದಲ್ಲಿ ಹೆಸರಿಲ್ಲ ಅನ್ನುವುದೊಂದೇ ಸಾಲದು, ಅಷ್ಟು ಮಾತ್ರ.

ನೀವು ಮದುವೆಯ ದಾಖಲೆ ಬಿಟ್ಟು ವ್ಯಾಪಾರಿಯ ಉಯಿಲು ಹುಡುಕಿ. ಊರಿನ ಎದುರು ಹೇಳಿಕೊಳ್ಳದ ಸಂಬಂಧವನ್ನೂ ಗಂಡಸರು ಉಯಿಲಿನಲ್ಲಿ ಒಪ್ಪಿಕೊಂಡಿರುತ್ತಾರೆ. ‘ನನ್ನ ಸಹಜ ಮಗನಿಗೆ ಇಷ್ಟು, ಅವನ ತಾಯಿಗೆ ತಿಂಗಳಿಗೆ ಇಷ್ಟು’ ಅನ್ನುವ ಸಾಲು ಆ ಕಾಲದ ಉಯಿಲುಗಳಲ್ಲಿ ಅಪರೂಪವಲ್ಲ. ಸಹಜ ಅಂದರೆ ಮದುವೆಯಿಲ್ಲದೆ ಹುಟ್ಟಿದ ಅಂತ. ತಾಯಿಯ ಹೆಸರು ಕೆಲವು ಸಲ ಬರೆದಿರುತ್ತಾರೆ, ಕೆಲವು ಸಲ ಬರೆಯುವುದಿಲ್ಲ, ಅದು ಬೇಸರದ ವಿಷಯವೇ. ಮಗುವಿನ ದೀಕ್ಷಾಸ್ನಾನದ ನಮೂದನ್ನೂ ನೋಡಿ. ಹಿರಿಯಜ್ಜಿ ಗೋವಾದ ಕೆಥೋಲಿಕ್ ಮನೆಯವರಾಗಿದ್ದರೆ ಅವರ ಊರಿನ ಇಗರ್ಜಿಯ ಪುಸ್ತಕ ಮತ್ತು ಪಣಜಿಯ ಪತ್ರಾಗಾರ, ಎರಡೂ ಹತ್ತಿರದಲ್ಲೇ ಇವೆ.

ಇನ್ನೊಂದು ವಿಷಯ ಗೋವಾದಲ್ಲಿ ಇರುವ ನಿಮಗೆ ಬೇಗ ಅರ್ಥವಾಗುತ್ತದೆ. ಅಲ್ಲಿಯ ಪೋರ್ಚುಗೀಸ್ ಕಾಲದ ಕಾನೂನಿನಂತೆ ಅಪ್ಪ ಮಕ್ಕಳನ್ನು ಪೂರ್ತಿ ಬಿಟ್ಟು ಉಯಿಲು ಬರೆಯುವ ಹಾಗಿಲ್ಲ, ಅರ್ಧ ಆಸ್ತಿ ಅವರಿಗೇ ಮೀಸಲು. ಸ್ಕಾಟ್ಲೆಂಡಿನಲ್ಲೂ ಹಾಗೇ, ಆದರೆ ಚರಾಸ್ತಿಗೆ ಮಾತ್ರ. ಹೆಂಡತಿ ಬದುಕಿದ್ದರೆ ಮೂರನೇ ಒಂದು ಪಾಲು ಹೆಂಡತಿಗೆ, ಒಂದು ಪಾಲು ಮಕ್ಕಳಿಗೆ, ಉಳಿದ ಒಂದು ಪಾಲಿಗೆ ಮಾತ್ರ ಸತ್ತವನ ಇಷ್ಟ ನಡೆಯುತ್ತದೆ. ಹೆಂಡತಿ ಇಲ್ಲದಿದ್ದರೆ ಮಕ್ಕಳಿಗೆ ಅರ್ಧ. ಆದರೆ ಆಗ ಈ ಹಕ್ಕು ಮದುವೆಯಲ್ಲಿ ಹುಟ್ಟಿದ ಮಕ್ಕಳಿಗೆ ಮಾತ್ರ. ಹಾಗಾಗಿ ವ್ಯಾಪಾರಿ ಸತ್ತ ಮೇಲೆ ಊರಿನ ದಾಯಾದಿಗಳಿಗೂ ಇಲ್ಲಿಯ ಮಕ್ಕಳಿಗೂ ಕೋರ್ಟಿನಲ್ಲಿ ತಕರಾರು ನಡೆದಿದ್ದರೆ, ‘ಮದುವೆ ಆಗಿತ್ತೇ’ ಅನ್ನುವ ನಿಮ್ಮ ಪ್ರಶ್ನೆಯನ್ನೇ ಆಗಿನ ವಕೀಲರೂ ಕೇಳಿರುತ್ತಾರೆ. ಸಾಕ್ಷಿಗಳ ಹೇಳಿಕೆ ಸಮೇತ ಉತ್ತರ ಕಡತದಲ್ಲಿ ಇದ್ದೀತು. ಅಜ್ಜಿಗೆ ಬೇಕಾದರೆ ಅದನ್ನೇ ಓದಿ ಹೇಳಿ.

ಪ್ರಶ್ನೆ: ನಾನು ಕಾನೂನು ವಿದ್ಯಾರ್ಥಿ. 1810ರ ಒಬ್ಬ ಡಂಡೀ ವ್ಯಾಪಾರಿಯ ಟೆಸ್ಟಮೆಂಟ್ ಓದಿದೆ. ಮೂರು ಮನೆ ಇದ್ದವ, ಒಂದರ ಹೆಸರೂ ಅದರಲ್ಲಿಲ್ಲ. ಯಾರಾದರೂ ಮುಚ್ಚಿಟ್ಟರೇ?
— ಓದುಗ, ಪುಣೆ

ಉತ್ತರ: ಯಾರೂ ಮುಚ್ಚಿಟ್ಟಿಲ್ಲ. 1868ರವರೆಗೆ ಅಲ್ಲಿ ಉಯಿಲಿನಿಂದ ಜಮೀನು ಮನೆ ಕೊಡುವಂತೆಯೇ ಇರಲಿಲ್ಲ. ವಾರಸುದಾರ ಹಿರಿಮಗನೇ, ಆ ಹಿರಿಮಗನ ನಿಯಮ ಹೋದದ್ದು 1964ರ ಕಾಯಿದೆಯಿಂದ. ಬುದ್ಧಿವಂತರು ಬದುಕಿದ್ದಾಗಲೇ ಟ್ರಸ್ಟಿಗಳ ಹೆಸರಿಗೆ ಬರೆದುಕೊಟ್ಟು ದಾರಿ ಮಾಡಿಕೊಳ್ಳುತ್ತಿದ್ದರು. 1617ರಿಂದ ಜಮೀನಿನ ಕೈಬದಲಾವಣೆಗೆ ರಿಜಿಸ್ಟರ್ ಆಫ್ ಸೇಸೀನ್ಸ್ ಅನ್ನುವ ಪುಸ್ತಕ ಇದೆ, ನಿಮ್ಮ ಪುಣೆಯ ಸಾತ್‌ಬಾರಾ ಉತಾರಿಗಿಂತ ಹಳೆಯದು. ಮೂರು ಮನೆ ಅದರಲ್ಲಿ ಸಿಗಬೇಕು.

ಪ್ರಶ್ನೆ: ಆನ್‌ಲೈನಿನಲ್ಲಿ ‘ನಿಮ್ಮ ಸ್ಕಾಟಿಷ್ ಮನೆತನದ ಲಾಂಛನ’ ಅಂತ ಚೌಕಟ್ಟು ಹಾಕಿ ಮಾರುತ್ತಾರೆ. ಸ್ನೇಹಿತನಿಗೆ ಮದುವೆಯ ಉಡುಗೊರೆ ಕೊಡಬಹುದಾ?
— ಓದುಗ, ಡೊಂಬಿವಲಿ

ಉತ್ತರ: ಗೋಡೆಗೆ ಚೆಂದ, ವಂಶಾವಳಿಗೆ ಸೊನ್ನೆ. ಅಲ್ಲಿ ಲಾಂಛನ ಮನೆತನದ ಹೆಸರಿಗೆ ಸೇರಿದ್ದಲ್ಲ, ಒಬ್ಬ ವ್ಯಕ್ತಿಗೆ ಸೇರಿದ್ದು, ಅವನ ನಂತರ ವಾರಸುದಾರನಿಗೆ. ಲಾರ್ಡ್ ಲಯನ್ ಅನ್ನುವ ಅಧಿಕಾರಿಗೆ ಅದಕ್ಕೆಂದೇ ಸ್ವಂತ ಕೋರ್ಟಿದೆ, 1672ರಿಂದ ಪುಸ್ತಕವಿದೆ. ಬೇರೆಯವರ ಲಾಂಛನ ತನ್ನದೆಂದು ಹಾಕಿಕೊಂಡರೆ ಅಲ್ಲಿ ಅಪರಾಧ. ಉಡುಗೊರೆಗೆ ಬೆಳ್ಳಿ ಲೋಟ ಕೊಡಿ.

ಪ್ರಶ್ನೆ: ನಾವು ಬಂಟರು. ನಮ್ಮಲ್ಲಿ ಅಳಿಯಸಂತಾನ ಇತ್ತಲ್ಲ, ಮಾವನ ಆಸ್ತಿ ಸೋದರಳಿಯನಿಗೆ. ನಿಮ್ಮ ಹಿಂದಿನ ಬರಹದಲ್ಲಿ ಸ್ಕಾಟ್ಲೆಂಡಿನ ಎಸ್ಟೇಟುಗಳು ಮಗಳ ಗಂಡನ ಮನೆಗೆ ಹೋದದ್ದು ಓದಿದೆ. ಅವರಲ್ಲೂ ಹೆಣ್ಣಿನ ಕಡೆಯಿಂದ ಆಸ್ತಿ ಬರುತ್ತಿತ್ತೇ?
— ಓದುಗ, ಕಾಂದಿವಲಿ

ಉತ್ತರ: ಬರುತ್ತಿತ್ತು, ಆದರೆ ನಿಮ್ಮ ಹಾಗಲ್ಲ. ಗಂಡುಮಕ್ಕಳೇ ಇಲ್ಲದಿದ್ದರೆ ಹೆಣ್ಣುಮಕ್ಕಳಿಗೆ ಜಮೀನು, ಅದೂ ಹಿರಿಯಳಿಗೆ ಮಾತ್ರ ಅಲ್ಲ, ಎಲ್ಲರಿಗೂ ಸಮಪಾಲು. ದೊಡ್ಡಮನೆ ಮಾತ್ರ ಹಿರಿಯಳಿಗೆ. ಹಾಗಾಗಿ ಒಬ್ಬ ವ್ಯಾಪಾರಿಗೆ ಮೂರು ಹೆಣ್ಣುಮಕ್ಕಳಿದ್ದರೆ ಮೇಲೆ ಹೇಳಿದ ಸರ್ವೀಸ್ ಆಫ್ ಏರ್ಸ್ ಸೂಚಿಯಲ್ಲಿ ಮೂವರೂ ಗಂಡಂದಿರ ಹೆಸರಿನ ಸಮೇತ ಸಿಗುತ್ತಾರೆ, ಹುಡುಕುವವರಿಗೆ ಹಬ್ಬ.

ಆದರೆ ತಾಯಿಯ ಕಡೆಯ ಸಂಬಂಧಿಗಳಿಗೆ? ಉಯಿಲು ಕರಾರು ಏನೂ ಇಲ್ಲದಿದ್ದರೆ ಜಮೀನು ಅವರ ಕಡೆಗೆ ತಿರುಗುತ್ತಲೇ ಇರಲಿಲ್ಲ. ಅಪ್ಪನ ಕಡೆ ಯಾರೂ ಉಳಿಯದಿದ್ದರೆ ಸೋದರಮಾವ ಎದುರಿಗೇ ನಿಂತಿದ್ದರೂ ಆಸ್ತಿ ರಾಜನ ಖಜಾನೆಗೆ. ಬಂಟರ ಮನೆಯಲ್ಲಿ ಇದನ್ನು ಹೇಳಿದರೆ ಯಾರೂ ನಂಬಲಿಕ್ಕಿಲ್ಲ.

ಇನ್ನು ಎಸ್ಟೇಟು ಅಳಿಯನ ಮನೆಗೆ ಹೋದಾಗ ಒಂದು ಷರತ್ತು ಬಹಳ ಸಲ ಇರುತ್ತಿತ್ತು: ಅಳಿಯ ಹೆಂಡತಿಯ ಮನೆತನದ ಹೆಸರು ಇಟ್ಟುಕೊಳ್ಳಬೇಕು. ಎರಡು ಹೆಸರು ಅಡ್ಡಗೆರೆ ಹಾಕಿ ಜೋಡಿಸಿದ ಸ್ಕಾಟಿಷ್ ಮನೆತನ ಕಂಡರೆ ಹಿಂದೆ ಎಲ್ಲೋ ಒಬ್ಬ ವಾರಸುದಾರ ಮಗಳು ಇದ್ದಾಳೆ ಅಂತ ಅನುಮಾನಿಸಿ. ಕೆಲವರು ಹುಟ್ಟಿದ ಹೆಸರನ್ನು ಪೂರ್ತಿ ಬಿಟ್ಟೇಬಿಟ್ಟರು, ಅಂಥವರ ಅಪ್ಪನನ್ನು ಹುಡುಕುತ್ತಾ ಹೋದವರಿಗೆ ಅಲ್ಲಿಗೆ ದಾರಿ ಮುಚ್ಚುತ್ತದೆ. ಹಾಗೆ ಎಲ್ಲಾದರೂ ಸಿಕ್ಕಿಕೊಂಡರೆ ಆ ವರ್ಷದ ಹಿಂದೆಮುಂದೆ ಮದುವೆಯ ಕರಾರನ್ನೋ ಎಸ್ಟೇಟಿನ ಷರತ್ತು ಪತ್ರವನ್ನೋ ಹುಡುಕಿ, ಆತನ ಹಳೇ ಹೆಸರು ಅದರಲ್ಲಿ ಇರುತ್ತದೆ.